ಹಾಡಿ ಒಡೆದರೆ ಉಳಿಯುವುದೇನು?
ಕುಸಿತದಿಂದ ಚೇತರಿಸಿಕೊಳ್ಳುವುದನ್ನು ಕುರಿತ ನೂರು ವರ್ಷಗಳ ಅಧ್ಯಯನ ಮತ್ತು ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ನೆಲೆ ತಪ್ಪಿದ ಮನುಷ್ಯ ತನ್ನವರೊಡನೆ ಇದ್ದರೆ ಉಳಿಯುತ್ತಾನೋ, ತನ್ನ ದಾರಿ ತಾನು ನೋಡಿಕೊಂಡರೆ ಉಳಿಯುತ್ತಾನೋ? ಸಮಾಜವಿಜ್ಞಾನ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ನೂರು ವರ್ಷ ದಾಟಿದೆ. ಉತ್ತರ ಹುಡುಕಲು ವಿದ್ವಾಂಸರು ಕೆನಡಾ, ಜಾಂಬಿಯಾ, ಜಪಾನ್‌ಗಳಿಗೆ ಹೋದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆಗಳಲ್ಲಿ ಅದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಅಕ್ಕಪಕ್ಕದಲ್ಲೇ ಇದೆ.

ಶಾಸ್ತ್ರ ಹುಟ್ಟುವ ಮೊದಲೇ ಜನಕ್ಕೆ ರೂಢಿಯೊಂದಿತ್ತು. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಮೇಲೆ, ಇಲಿ ಬಿದ್ದ ಸುದ್ದಿ ಕೇಳಿದೊಡನೆ ಊರಿಗೆ ಊರೇ ಮನೆ ಬಿಟ್ಟು ಹೊಲ ತೋಟಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ರೋಗ ಇಳಿದ ಮೇಲೆ ಒಟ್ಟಾಗಿಯೇ ಹಿಂತಿರುಗುತ್ತಿತ್ತು. ಆ ಗುಡಿಸಲುಗಳ ಸಾಲಿನಲ್ಲೂ ಜಾತಿಯ ಗೆರೆ ಅಳಿಸಲಿಲ್ಲವೆಂಬುದನ್ನು ಮರೆಯಬಾರದು. ಕಾವೇರಿ ದಂಡೆಯ ಎಡತೊರೆಯದು ಇನ್ನೊಂದು ಬಗೆ. 1924ರ ಮಹಾಪೂರದ ನಂತರ ಹಳೆಯ ಊರು ವಾಸಕ್ಕೆ ತಕ್ಕದ್ದಲ್ಲವೆಂದು ಕಂಡಾಗ ಸಮೀಪದಲ್ಲೇ ಎತ್ತರದ ನೆಲದಲ್ಲಿ ಅಚ್ಚುಕಟ್ಟಾದ ಬೀದಿಗಳ ಹೊಸ ಪಟ್ಟಣ ಎದ್ದಿತು. ಅದೇ ಇಂದಿನ ಕೃಷ್ಣರಾಜನಗರ. ನೆರೆಹೊರೆ, ಸಂತೆ, ಅರ್ಕೇಶ್ವರನ ಗುಡಿ ಎಲ್ಲವೂ ನಡೆದುಹೋಗುವಷ್ಟು ಹತ್ತಿರದಲ್ಲೇ ಉಳಿದವು. ಆ ಸ್ಥಳಾಂತರದ ನೋವಿನ ಕಥೆಗಳು ನಮಗೆ ಹೆಚ್ಚು ಕೇಳಿಬರದಿರಲು ಇದೇ ಕಾರಣವೆಂದು ನನ್ನ ನಂಬಿಕೆ.

ವಿಪತ್ತಿನ ಸಮಾಜಶಾಸ್ತ್ರಕ್ಕೆ ಮೊದಲ ಕಲ್ಲು ಇಟ್ಟವನು ಸ್ಯಾಮ್ಯುಯೆಲ್ ಹೆನ್ರಿ ಪ್ರಿನ್ಸ್. 1917ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದು ಎರಡು ಸಾವಿರದಷ್ಟು ಜನ ಸತ್ತರು. ಆ ಊರು ಮತ್ತೆ ಎದ್ದು ನಿಂತ ಬಗೆಯನ್ನು ಅವನು 1920ರ ಪ್ರಬಂಧದಲ್ಲಿ ದಾಖಲಿಸಿದ. ಎರಡನೆಯ ಮಹಾಯುದ್ಧದ ನಂತರ ಚಾರ್ಲ್ಸ್ ಫ್ರಿಟ್ಜ್, 1963ರಲ್ಲಿ ಒಹಾಯೊದಲ್ಲಿ ವಿಪತ್ತು ಸಂಶೋಧನಾ ಕೇಂದ್ರ ಕಟ್ಟಿದ ಎನ್ರಿಕೊ ಕ್ವಾರಂಟೆಲಿ ಮತ್ತು ಸಂಗಡಿಗರು ಒಂದು ಹಳೆಯ ನಂಬಿಕೆಯನ್ನು ಬುಡಮೇಲು ಮಾಡಿದರು. ಅನಾಹುತ ಎರಗಿದಾಗ ಜನ ದಿಕ್ಕೆಟ್ಟು ಒಬ್ಬರನ್ನೊಬ್ಬರು ತುಳಿದು ಓಡುವುದು ಅಪರೂಪ. ಅವಶೇಷದಿಂದ ಮೊದಲು ಎಳೆದು ಹೊರಹಾಕುವ ಕೈ ಬಹುತೇಕ ನೆರೆಯವನದೇ ಆಗಿರುತ್ತದೆ ಎಂದು ಅವರ ಕ್ಷೇತ್ರಾಧ್ಯಯನಗಳು ತೋರಿಸಿದವು.

ಆದರೆ ಇವೆಲ್ಲ ಕ್ಷಣಮಾತ್ರದಲ್ಲಿ ಬಂದೆರಗುವ ಆಪತ್ತುಗಳ ಮಾತು. ದಶಕಗಟ್ಟಲೆ ನಡೆಯುವ ಕುಸಿತದ ಅಧ್ಯಯನ ಬೇರೆ ಕವಲಾಗಿ ಬೆಳೆಯಿತು. ಜಾಂಬೆಜಿ ನದಿಗೆ ಕರೀಬಾ ಅಣೆಕಟ್ಟು ಕಟ್ಟಿದಾಗ ಸುಮಾರು 57,000 ಟೋಂಗಾ ಜನ ನೆಲೆ ಕಳೆದುಕೊಂಡರು. ಎಲಿಜಬೆತ್ ಕೋಲ್ಸನ್ ಮತ್ತು ಥೇಯರ್ ಸ್ಕಡರ್ 1956ರಿಂದ ದಶಕಗಳ ಕಾಲ ಆ ಜನರ ಬೆನ್ನುಬಿಡದೆ ಅಧ್ಯಯನ ಮಾಡಿದರು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಕಾಡಂಚಿನಲ್ಲಿ ಇನ್ನೊಂದು ಮರುವಸತಿ ಶುರುವಾಗುತ್ತಿತ್ತು.

1959ರಲ್ಲಿ ದಲೈ ಲಾಮಾ ಅವರ ಹಿಂದೆ ಟಿಬೆಟ್ ತೊರೆದು ಬಂದವರಿಗೆ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು ಮೂರು ಸಾವಿರ ಎಕರೆ ಗುತ್ತಿಗೆಗೆ ಕೊಟ್ಟಿತು. 1960ರಲ್ಲಿ ಲುಗ್ಸುಂ ಸಮ್ಡುಪ್ಲಿಂಗ್ ಶಿಬಿರ ತಲೆಯೆತ್ತಿತು. ಬೆಟ್ಟದ ಮೇಲಿನ ಚಳಿಗೆ ಒಗ್ಗಿದ ಜನ ಇಲ್ಲಿಯ ಬಿಸಿಲು, ಕಾಡಾನೆ, ಜ್ವರಗಳ ನಡುವೆ ಡೇರೆ ಹಾಕಿ ಮರ ಕಡಿದು ಜೋಳ ಬಿತ್ತಿದರು. 1963ರಲ್ಲಿ ನಮ್ಡ್ರೋಲಿಂಗ್ ಮಠ ನೆಲೆಗೊಂಡಿತು, ಮುಂದೆ ಸೆರಾ ಮಠವೂ ಬಂತು. 1969ರಲ್ಲಿ ಪಕ್ಕದಲ್ಲೇ ಡಿಕ್ಯಿ ಲಾರ್ಸೊ, 1970ರ ದಶಕದ ಆರಂಭದಲ್ಲಿ ಹುಣಸೂರಿನ ಗುರುಪುರದಲ್ಲಿ ರಬ್ಗೆಲಿಂಗ್ ವಸತಿ ಎದ್ದವು. ಈಗ ಬೈಲಕುಪ್ಪೆ ನಮ್ಮ ಕಣ್ಣಿಗೆ ಬಂಗಾರದ ಗುಡಿಯ ಪ್ರವಾಸಿ ತಾಣ. ಆಗ ಅದು ಗೆಲ್ಲುತ್ತದೆಂದು ಹೇಳುವ ಧೈರ್ಯ ಯಾರಿಗಿತ್ತು?

1960ರ ದಶಕದಲ್ಲಿ ಇಲ್ಲಿ ಕ್ಷೇತ್ರಕಾರ್ಯ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೈನ್, ಈ ಗೆಲುವಿಗೆ ಭೂಮಿ ಮತ್ತು ನೆರವಿನ ಹಣದಷ್ಟೇ ಮುಖ್ಯವಾದ ಇನ್ನೊಂದು ಕಾರಣ ಕಂಡರು. ಶಿಬಿರದೊಳಗಿನ ಆಡಳಿತವನ್ನು ಭಾರತ ಸರ್ಕಾರ ಟಿಬೆಟನ್ನರ ಕೈಗೇ ಬಿಟ್ಟಿತ್ತು. ಅವರ ಮುಖಂಡರು, ಅವರ ಸಹಕಾರ ಸಂಘ, ಅವರ ಶಾಲೆ, ಅವರ ಮಠ. ಕನ್ನಡ ನಾಡಿನ ಸಂಶೋಧಕರೂ ಈ ವಿಷಯಕ್ಕೆ ಕೈ ಹಾಕಿದರು. ಮುಂಡಗೋಡಿನ ಟಿಬೆಟನ್ನರ ಬಗ್ಗೆ ಟಿ.ಸಿ. ಪಾಲಾಕ್ಷಪ್ಪನವರ ಪುಸ್ತಕ 1978ರಲ್ಲಿ ಬಂತು. ಬೈಲಕುಪ್ಪೆಯವರೂ ಹೊಟ್ಟೆಪಾಡಿಗೆ ಊರೂರು ಅಲೆದವರೇ. ಚಳಿಗಾಲ ಬಂದರೆ ಸ್ವೆಟರ್ ಗಂಟು ಹೊತ್ತು ದೂರದ ನಗರಗಳಿಗೆ ಹೋಗುತ್ತಾರೆ. ಆದರೆ ಹಿಂತಿರುಗಲು ಅವರಿಗೆ ಶಿಬಿರವಿದೆ, ಮಕ್ಕಳನ್ನು ನೋಡಿಕೊಳ್ಳಲು ತಮ್ಮದೇ ಶಾಲೆಯಿದೆ. ಇತ್ತೀಚೆಗೆ ಅಲ್ಲಿಯ ಯುವಜನ ವಿದೇಶಕ್ಕೆ ಹೊರಟು ಶಿಬಿರಗಳು ತೆಳುವಾಗುತ್ತಿರುವುದೂ ನಿಜ.

ಟಿಬೆಟನ್ನರ ವಸತಿ ಕಾರ್ಯಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಅದರ ಮುಂದಿನ ಕಥೆ ಈ ಕ್ಷೇತ್ರದ ದಾರಿಯನ್ನೇ ತಿರುಗಿಸಿತು. 1980ರ ದಶಕದ ಮಧ್ಯದಲ್ಲಿ ಮೈರಾಡದ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯಿದ್ದ ಬಡವರು ಹದಿನೈದು ಇಪ್ಪತ್ತು ಜನರ ಪುಟ್ಟ ಗುಂಪುಗಳಾಗಿ ಉಳಿತಾಯ, ಸಾಲ ನಡೆಸಿಕೊಂಡರು. ಅದನ್ನು ಗಮನಿಸಿ ಬೆಳೆಸಿದ್ದೇ ಸ್ವಸಹಾಯ ಸಂಘ. 1992ರಲ್ಲಿ ನಬಾರ್ಡ್ ಈ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಗುಂಪನ್ನು ಮೇಲಿನಿಂದ ಕಟ್ಟಲಾಗದು, ಇರುವ ನಂಟನ್ನು ಗುರುತಿಸಿ ಬಲಪಡಿಸಬೇಕು ಎಂಬುದನ್ನು ಹೀಗೆ ಕರ್ನಾಟಕದ ಹಳ್ಳಿಯ ಜನವೇ ತೋರಿಸಿಕೊಟ್ಟರು.

ಅದೇ ತಿಳಿವು ಕಾಡಿನ ಜನರ ಪಾಲಿಗೆ ಒದಗಲಿಲ್ಲ. ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಕಬಿನಿ ಜಲಾಶಯ 1974ರಲ್ಲಿ ತುಂಬಿ ಹಳ್ಳಿಗಳನ್ನೂ, ಆದಿವಾಸಿಗಳ ವಸತಿಗಳಾದ ಹಾಡಿಗಳನ್ನೂ, ಕಾಡನ್ನೂ ನುಂಗಿತು. ಇತ್ತ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಗುವ ಹಾದಿಯಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವರನ್ನು ಕಾಡಿನಿಂದ ಹೊರಹಾಕಲಾಯಿತು. ಹೆಚ್ಚಿನವರಿಗೆ ಬದಲಿ ಭೂಮಿ ಸಿಗಲಿಲ್ಲ. ಒಂದು ಕುಟುಂಬ ಕೊಡಗಿನ ಕಾಫಿ ತೋಟದ ಲೈನ್ ಮನೆಗೆ, ಇನ್ನೊಂದು ಕಾಡಂಚಿನ ಗುಡಿಸಲಿಗೆ, ಮತ್ತೊಂದು ಶುಂಠಿ ಹೊಲದ ಕೂಲಿಗೆ ಹೋಯಿತು. ಹೆಜ್ಜೇನು ಕೀಳುವುದು ಒಬ್ಬರ ಕೆಲಸವಲ್ಲ. ಗೆಣಸು ಅಗೆಯುವುದು, ಸತ್ತವರಿಗೆ ಎಡೆ ಇಡುವುದು, ಜಗಳ ತೀರಿಸುವುದು ಎಲ್ಲ ಹಾಡಿಯ ಯಜಮಾನನ ಸುತ್ತ ನಡೆಯುತ್ತಿದ್ದವು. ಹಾಡಿ ಒಡೆದಾಗ ಇವೆಲ್ಲ ಒಟ್ಟಿಗೇ ಹೋದವು. ತನ್ನ ಪಾಡು ತಾನು ನೋಡಿಕೊಳ್ಳುವ ಸ್ಥಿತಿ ಅವರು ಆರಿಸಿಕೊಂಡದ್ದಲ್ಲ, ಅವರ ಮೇಲೆ ಹೇರಿದ್ದು.

ಈ ಹಾನಿಗೆ ಶಾಸ್ತ್ರದಲ್ಲಿ ಸ್ಥಾನ ಸಿಕ್ಕಿದ್ದು 1990ರ ದಶಕದಲ್ಲಿ. ವಿಶ್ವಬ್ಯಾಂಕಿನ ಸಮಾಜಶಾಸ್ತ್ರಜ್ಞ ಮೈಕೆಲ್ ಸೆರ್ನಿಯಾ ಒಕ್ಕಲೆಬ್ಬಿಸುವಿಕೆಯ ಎಂಟು ಅಪಾಯಗಳನ್ನು ಹೆಸರಿಸಿದರು: ಭೂಮಿ, ಕೆಲಸ, ಮನೆ ಕಳೆದುಕೊಳ್ಳುವುದು, ಅಂಚಿಗೆ ಸರಿಯುವುದು, ಹಸಿವು, ರೋಗ, ಸಾಮೂಹಿಕ ಸಂಪತ್ತಿನ ನಷ್ಟ, ಕೊನೆಯದಾಗಿ ಸಮುದಾಯದ ಕಟ್ಟು ಬಿಚ್ಚಿಹೋಗುವುದು. ಪರಿಹಾರದ ಲೆಕ್ಕಕ್ಕೆ ಎಂದೂ ಸಿಗದ ನಷ್ಟ ಆ ಕೊನೆಯದೇ. ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆಯ ವಿರುದ್ಧ 1998ರಲ್ಲಿ ನಾಗರಹೊಳೆಯ ಆದಿವಾಸಿಗಳೇ ಬ್ಯಾಂಕಿನ ತಪಾಸಣಾ ಮಂಡಳಿಗೆ ದೂರು ಕೊಟ್ಟರು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕೇಂದ್ರಗಳಲ್ಲಿ ಮುಂದೆ ಭೂಮಿ, ಮನೆ ಕೊಟ್ಟು ವಸತಿ ಮಾಡಿಸಲಾಯಿತು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, ಪುನರ್ವಸತಿ ಆಗಬೇಕಾದ 3,418 ಕುಟುಂಬಗಳನ್ನು ಗುರುತಿಸಿತು. ಅದರ ಶಿಫಾರಸುಗಳ ಜಾರಿಗಾಗಿ ಆದಿವಾಸಿಗಳು ಅಲ್ಲಿಂದ ಈಚೆಗೂ ಬೀದಿಗಿಳಿಯುತ್ತಲೇ ಇದ್ದಾರೆ.

ಹೊಸ ಶತಮಾನದ ಅಧ್ಯಯನಗಳು ಒಂಟಿತನದ ಬೆಲೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸಿವೆ. 1995ರ ಶಿಕಾಗೊ ಬಿಸಿಗಾಳಿಯಲ್ಲಿ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಾಗಿಲು ತಟ್ಟುವವರಿಲ್ಲದ ಮುದುಕರೇ ಬಹಳ ಎಂದು ಎರಿಕ್ ಕ್ಲಿನೆನ್‌ಬರ್ಗ್ 2002ರಲ್ಲಿ ಬರೆದರು. ಜಪಾನಿನ ಕೋಬೆ ಭೂಕಂಪ, ತಮಿಳುನಾಡಿನ ಸುನಾಮಿಗಳನ್ನು ಹೋಲಿಸಿ ಡೇನಿಯಲ್ ಆಲ್ಡ್ರಿಚ್ 2012ರಲ್ಲಿ, ಚೇತರಿಕೆಯ ವೇಗ ಜನರ ನಡುವಿನ ನಂಟನ್ನು ಅನುಸರಿಸುತ್ತದೆ ಎಂದರು. ತಮಿಳುನಾಡಿನಲ್ಲಿ ಮೀನುಗಾರ ಪಂಚಾಯತಿಗಳ ಬಲದಿಂದ ನೆರವು ಬೇಗ ತಲುಪಿತು, ಅದೇ ಬಲ ದಲಿತರನ್ನೂ ಒಂಟಿ ಹೆಂಗಸರನ್ನೂ ಹೊರಗಿಟ್ಟಿತು ಎಂದೂ ಅವರು ಬರೆದಿದ್ದಾರೆ. ಪ್ಲೇಗಿನ ಗುಡಿಸಲುಗಳಲ್ಲಿ ಕಂಡದ್ದು ಇದೇ.

ಇಷ್ಟೆಲ್ಲ ತಿಳಿದ ಮೇಲೂ ಹುಲಿ ಅಭಯಾರಣ್ಯದ ಪುನರ್ವಸತಿಗೆ ಅಳತೆಗೋಲು ಕುಟುಂಬವೇ. 2008ರಲ್ಲಿ ಕುಟುಂಬಕ್ಕೆ ಹತ್ತು ಲಕ್ಷ ಇದ್ದದ್ದು ಈಗ ಹದಿನೈದು ಲಕ್ಷ. ಹಣ ಪಡೆದ ಒಂದೊಂದು ಮನೆ ಒಂದೊಂದು ದಿಕ್ಕಿಗೆ ಹೋಗಬಹುದು. 2025ರ ಮೇ ತಿಂಗಳಲ್ಲಿ ನಾಗರಹೊಳೆ ಕಾಡಿನ ಕರಡಿಕಲ್ಲು ಅತ್ತೂರುಕೊಲ್ಲಿಯ 52 ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿಗೆ ಒಟ್ಟಾಗಿ ಮರಳಿ ಗುಡಿಸಲು ಹಾಕಿದ್ದು ಈ ಅಳತೆಗೋಲಿಗೆ ಅವರು ಕೊಟ್ಟ ಉತ್ತರ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯದ ಹಕ್ಕು ಇದೆ, ಗ್ರಾಮಸಭೆಗೆ ಅಧಿಕಾರವಿದೆ. ಸರ್ಕಾರ ಹಾಡಿಯನ್ನು ಒಂದು ಘಟಕವಾಗಿ ಕಂಡು ಆ ಹಕ್ಕುಗಳನ್ನು ಕೊಡಲಿ. ಹೊರಗೆ ಬರಲು ಒಪ್ಪಿದವರಿಗೂ ಬೈಲಕುಪ್ಪೆಯವರಿಗೆ ಕೊಟ್ಟಂತೆ ಒಂದೇ ಕಡೆ ನೆಲವನ್ನೂ, ತಮ್ಮ ಆಡಳಿತ ತಾವೇ ನಡೆಸುವ ಅವಕಾಶವನ್ನೂ ಕೊಡಲಿ.