ಕ್ಲಚ್ಚಿನ ಚರ್ಮ

ಮೋಟಾರಿನ ಚರಿತ್ರೆಯಲ್ಲಿ ನನ್ನನ್ನು ಸೆಳೆದದ್ದು ಎಂಜಿನ್ನಲ್ಲ, ಅದರ ತಿರುಗಾಟವನ್ನು ಗೇರಿಗೆ ಉಜ್ಜಿ ದಾಟಿಸುವ ಕ್ಲಚ್ಚು. 1900ರ ಆಸುಪಾಸಿನ ಯುರೋಪಿನ ಅನೇಕ ಕಾರುಗಳಲ್ಲಿ ಅದು ಶಂಕುವಿನಾಕಾರದ್ದು. ಮೇಲೆ ಚರ್ಮದ ಹೊದಿಕೆ. ಚರ್ಮ ಒಣಗಿದರೆ ಹರಳೆಣ್ಣೆಯ ಉಪಚಾರ. ಎಣ್ಣೆ ಮಿತಿಮೀರಿ ಜಾರಿತೋ, ಮುಲ್ತಾನಿ ಮಣ್ಣಿನ ಪುಡಿ! ಪೂರಾ ಸವೆದರೆ ಹೊಸ ಚರ್ಮವನ್ನು ಕತ್ತರಿಸಿ, ನೆನೆಸಿ, ತಾಮ್ರದ ರಿವೆಟ್ಟು ಬಡಿದರಾಯಿತು. ಮನೆಯ ಅಂಗಳದಲ್ಲೇ ಮುಗಿಯುವ ಕೆಲಸ.

ಆಮೇಲೆ ಬಂದದ್ದು ಕಲ್ನಾರು, ಎಂದರೆ ಆಸ್‌ಬೆಸ್ಟಾಸ್. ಬಿಸಿಗೆ ಸುಡದು, ಆದರೆ ಸವೆದಷ್ಟೂ ನವಿರು ಧೂಳು. ಕ್ಲಚ್ಚು ಬಿಚ್ಚಿದವನು ಅದನ್ನು ಬಾಯಿಂದ ಊದಿ ಶುಚಿಮಾಡಿದ. ಉಸಿರಿನೊಡನೆ ಒಳಹೊಕ್ಕ ಆ ನಾರು ದಶಕಗಳ ಬಳಿಕ ಕ್ಯಾನ್ಸರ್ ತರಬಲ್ಲದು. ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನು ನಿಷೇಧಿಸಿತು. ಹಳೆಯ ಕಾರುಗಳ ಕ್ಲಚ್ಚಿನ ಗೂಡಿನಲ್ಲಿ ಮಾತ್ರ ಆ ಧೂಳು ಇಂದಿಗೂ ಕುಳಿತಿರಬಹುದು.