ಬಸುರಿಯರಲ್ಲಿ ಪ್ಲೇಟ್‌ಲೆಟ್ ಇಳಿಕೆ: ಯಾವುದು ಸಹಜ, ಯಾವುದು ಅಪಾಯ?

ಜತ್ತ: ಬಸುರಿ ಹೆಣ್ಣುಮಗಳ ರಕ್ತ ತಪಾಸಣೆಯ ಕಾಗದದಲ್ಲಿ ಪ್ಲೇಟ್‌ಲೆಟ್ 1.30 ಲಕ್ಷ ಎಂದು ಬಂದರೆ ಮನೆಮಂದಿಗೆ ಮೊದಲು ನೆನಪಾಗುವುದು ಡೆಂಗ್ಯೂ. 'ಪಾಂಢರ್ಯಾ ಪೇಶಿ ಕಡಿಮಿ ಆಗ್ಯಾವ' ಎಂದು ಗಾಬರಿಯಾಗಿ ಪಪ್ಪಾಯಿ ಎಲೆ ಹುಡುಕಲು ಹೊರಡುವವರೂ ಇದ್ದಾರೆ. ಮೊದಲಿಗೆ ಈ ಹೆಸರೇ ತಪ್ಪು. ಬಿಳಿ ರಕ್ತಕಣ ಬೇರೆ, ಪ್ಲೇಟ್‌ಲೆಟ್ ಬೇರೆ. ಬಿಳಿ ಕಣ ರೋಗಾಣುಗಳ ಜೊತೆ ಹೋರಾಡುತ್ತದೆ. ಪ್ಲೇಟ್‌ಲೆಟ್ ಗಾಯವಾದಲ್ಲಿ ಅಂಟಿಕೊಂಡು ರಕ್ತಸ್ರಾವ ತಡೆಯುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ.

ಆರೋಗ್ಯವಂತ ಬಸುರಿಯಲ್ಲೂ ಈ ಸಂಖ್ಯೆ ಇಳಿಯುತ್ತದೆ. ಗರ್ಭ ನಿಂತ ಮೇಲೆ ರಕ್ತದ ನೀರಿನ ಅಂಶ ಸುಮಾರು ಅರ್ಧದಷ್ಟು ಹೆಚ್ಚುವುದರಿಂದ ಕಣಗಳು ತೆಳುವಾಗುತ್ತವೆ. ಗುಲ್ಮದಲ್ಲಿ ಮತ್ತು ಮಾಸಿನಲ್ಲಿಯೂ ಒಂದಿಷ್ಟು ಖರ್ಚಾಗುತ್ತವೆ. ಅಮೆರಿಕದ ಓಕ್ಲಹೋಮಾದಲ್ಲಿ ಏಳು ಸಾವಿರಕ್ಕೂ ಹೆಚ್ಚು ಹೆರಿಗೆಗಳ ದಾಖಲೆ ನೋಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೊಂದರೆಯಿಲ್ಲದ ಬಸುರಿಯರಲ್ಲೂ ಹೆರಿಗೆ ಹೊತ್ತಿಗೆ ಸರಾಸರಿ ಶೇ. 17ರಷ್ಟು ಇಳಿಕೆ ಕಂಡುಬಂದಿತ್ತು. ಹತ್ತರಲ್ಲಿ ಸುಮಾರು ಒಬ್ಬರದು 1.5 ಲಕ್ಷಕ್ಕಿಂತ ಕೆಳಗೆ ಹೋಗಿತ್ತು. ಆದರೆ 1 ಲಕ್ಷಕ್ಕಿಂತ ಕೆಳಗೆ ಹೋದವರು ನೂರರಲ್ಲಿ ಒಬ್ಬರು ಮಾತ್ರ. ಹೀಗಾಗಿ ಕೊನೆಯ ತಿಂಗಳಲ್ಲಿ 1.30 ಲಕ್ಷ ಬಂದು, ಬಿ.ಪಿ. ಸರಿಯಿದ್ದು, ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಔಷಧ ಬೇಕಿಲ್ಲ, ಮತ್ತೊಮ್ಮೆ ಎಣಿಸಿ ನೋಡಿದರೆ ಸಾಕು. ಒಂದು ಲಕ್ಷಕ್ಕಿಂತ ಕಡಿಮೆಯಾದರೆ ಕಾರಣ ಹುಡುಕಲೇಬೇಕು. ಕೆಲವೊಮ್ಮೆ ಕೊಳವೆಯೊಳಗೆ ಪ್ಲೇಟ್‌ಲೆಟ್‌ಗಳು ಮುದ್ದೆಗಟ್ಟಿ ಯಂತ್ರ ಕಡಿಮೆ ಎಣಿಸುವುದೂ ಉಂಟು. ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ ನೋಡಿದರೆ ಅದು ಗೊತ್ತಾಗುತ್ತದೆ.

ಹುಡುಕಬೇಕಾದ ಕಾರಣಗಳಲ್ಲಿ ಮುಖ್ಯವಾದುದು ಪ್ರಿ-ಎಕ್ಲಾಂಪ್ಸಿಯಾ. ಹಿಂದಿನವರು ಇದನ್ನು ಗರ್ಭಿಣಿ ನಂಜು ಎಂದರು, ಆದರೆ ಅಂಥ ವಿಷವೊಂದು ರಕ್ತದಲ್ಲಿ ಸಿಕ್ಕಿಲ್ಲ. ಮಾಸಿಗೆ ಹೋಗುವ ರಕ್ತನಾಳಗಳು ಮೊದಲ ತಿಂಗಳುಗಳಲ್ಲಿ ಸರಿಯಾಗಿ ಅಗಲವಾಗುವುದಿಲ್ಲ. ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನ್‌ಗಳನ್ನು ಬಿಡುತ್ತದೆ. ಅವು ಮೈತುಂಬ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಕೆಟ್ಟ ಪದರಕ್ಕೆ ಪ್ಲೇಟ್‌ಲೆಟ್‌ಗಳು ಅಂಟಿ ಖರ್ಚಾಗಿ ಹೋಗುತ್ತವೆ. ಸಹಜ ಇಳಿಕೆ ತಿಂಗಳುಗಟ್ಟಲೆ ನಿಧಾನವಾಗಿ ಆಗುವಂಥದು. ಇಲ್ಲಿ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಗಂಟೆಗಳಲ್ಲೇ ಕುಸಿಯಬಹುದು. ಆದ್ದರಿಂದ ಒಂದು ಸಲದ ಅಂಕಿಗಿಂತ ಹಿಂದಿನ ಅಂಕಿಯೊಡನೆ ಹೋಲಿಕೆ ಮುಖ್ಯ.

ನಮ್ಮ ಕಡೆ ತೊಡಕಾಗುವುದು ಇಲ್ಲಿಯೇ. ಏಳನೇ ತಿಂಗಳಲ್ಲಿ ಕುಬಸ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವ ರೂಢಿ. ಅಥಣಿ, ಇಂಡಿ, ವಿಜಯಪುರ ಕಡೆ ಕೊಟ್ಟ ಮಗಳು ಉಮದಿ, ಸಂಖ, ಬಿಳೂರಿನ ತವರಿಗೆ ಬರುತ್ತಾಳೆ. ಪ್ರಿ-ಎಕ್ಲಾಂಪ್ಸಿಯಾ ಕಾಣಿಸಿಕೊಳ್ಳುವುದು 20 ವಾರಗಳ ನಂತರ, ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ, ಅದರಲ್ಲೂ ಚೊಚ್ಚಲ ಬಸುರಿಯರಲ್ಲಿ. ಸೀರೆ, ಬಳೆ, ಬುತ್ತಿ ಎಲ್ಲ ಮರೆಯದೆ ಬರುತ್ತವೆ, ಕರ್ನಾಟಕದಲ್ಲಿ ಕೊಟ್ಟ ತಾಯಿ ಕಾರ್ಡ್ ಮತ್ತು ರಕ್ತದ ಕಾಗದ ಗಂಡನ ಮನೆಯ ಟ್ರಂಕಿನಲ್ಲೇ ಉಳಿಯುತ್ತವೆ. ಮೊದಲ ತಿಂಗಳಲ್ಲಿ 2.8 ಲಕ್ಷ ಇದ್ದದ್ದು ಈಗ 1.2 ಲಕ್ಷಕ್ಕೆ ಇಳಿದಿದೆ ಎಂದು ಇಲ್ಲಿನ ವೈದ್ಯರಿಗೆ ಹೇಗೆ ತಿಳಿಯಬೇಕು?

ಬಿ.ಪಿ. ನಾಲ್ಕು ಗಂಟೆಗಳ ಅಂತರದಲ್ಲಿ ಎರಡು ಸಲ 140/90 ಅಥವಾ ಹೆಚ್ಚು ಇದ್ದು, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಪ್ರೋಟೀನ್ ಇಲ್ಲದಿದ್ದರೂ ಬಿ.ಪಿ. ಜೊತೆ ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ತೀವ್ರ ರೂಪವೆಂದೇ ಲೆಕ್ಕ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಯ ಕೆಳಗೆ ಅಥವಾ ಎದೆಗುಂಡಿಗೆಯ ಕೆಳಗೆ ನೋವು ಅಪಾಯದ ಸೂಚನೆ. ಈ ಕೊನೆಯದನ್ನು ಪಿತ್ತ, ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸುವುದುಂಟು. ಅದು ಹೆಲ್ಪ್ ಎಂಬ ತೊಡಕಿರಬಹುದು. ಇದರಲ್ಲಿ ಕೆಂಪು ಕಣ ಒಡೆಯುತ್ತವೆ, ಯಕೃತ್ತಿಗೆ ಪೆಟ್ಟಾಗುತ್ತದೆ, ಪ್ಲೇಟ್‌ಲೆಟ್ ಕುಸಿಯುತ್ತದೆ. 1982ರಲ್ಲಿ ಅಮೆರಿಕದ ವೈದ್ಯ ಲೂಯಿಸ್ ವೈನ್‌ಸ್ಟೀನ್ ಈ ಹೆಸರಿಟ್ಟರು. ಕೆಲವರಲ್ಲಿ ಬಿ.ಪಿ. ಅಷ್ಟೇನೂ ಏರಿರುವುದಿಲ್ಲ.

ಪ್ಲೇಟ್‌ಲೆಟ್ ಚೀಲ ಏರಿಸಿದರೆ ಈ ರೋಗ ಹೋಗುವುದಿಲ್ಲ. ಸಿಸೇರಿಯನ್ ಮಾಡಬೇಕಿದ್ದು ಸಂಖ್ಯೆ 50 ಸಾವಿರಕ್ಕಿಂತ ಕಡಿಮೆಯಿದ್ದರೆ, ಇಲ್ಲವೆ ರಕ್ತಸ್ರಾವವಾಗುತ್ತಿದ್ದರೆ ಏರಿಸುತ್ತಾರೆ. ರೋಗಕ್ಕೆ ನಿಜವಾದ ಪರಿಹಾರ ಹೆರಿಗೆಯೇ. ಫಿಟ್ಸ್ ಬಾರದಂತೆ ಮ್ಯಾಗ್ನೀಷಿಯಂ ಸಲ್ಫೇಟ್ ಕೊಡುತ್ತಾರೆ. 2002ರ ಮ್ಯಾಗ್‌ಪೈ ಪ್ರಯೋಗ ಇದು ಫಿಟ್ಸ್ ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಎಂದು ತೋರಿಸಿತು. ಇದರ ಮೊದಲ ಡೋಸನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದು. ತಾಲೂಕಿನ ಪೂರ್ವಭಾಗದಿಂದ ಮಿರಜದ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ನೂರು ಕಿಲೋಮೀಟರ್ ಹಾದಿ ಎಂಬುದನ್ನು ನೆನೆದರೆ ಆ ಒಂದು ಸೂಜಿಯ ಬೆಲೆ ತಿಳಿಯುತ್ತದೆ. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ 2016ರಿಂದ ನಡೆದಿದೆ. ತವರಿಗೆ ಬಂದ ಮೇಲಿನ ಮೊದಲ 9ನೇ ತಾರೀಖನ್ನು ತಪ್ಪಿಸಬಾರದು.

ಹೆಲ್ಪ್ ತೊಡಕು ಸುಮಾರು ಮೂರರಲ್ಲೊಂದು ಪಾಲು ಹೆರಿಗೆಯಾದ ಮೇಲೆ, ಹೆಚ್ಚಾಗಿ ಎರಡು ದಿನಗಳೊಳಗೆ ಕಾಣಿಸುತ್ತದೆ. ಕೂಸು ಚೆನ್ನಾಗಿದೆ ಎಂದು ಬಾಣಂತಿಯನ್ನು ಮರುದಿನವೇ ಮನೆಗೆ ಒಯ್ಯುವ ಅವಸರ ಬೇಡ. ಒಮ್ಮೆ ಪ್ರಿ-ಎಕ್ಲಾಂಪ್ಸಿಯಾ ಬಂದವರು ಮುಂದಿನ ಬಸುರಿನಲ್ಲಿ ಮೂರನೇ ತಿಂಗಳೊಳಗೇ ವೈದ್ಯರಿಗೆ ತಿಳಿಸಬೇಕು. ಅಂಥವರಿಗೆ 12ನೇ ವಾರದಿಂದ ದಿನಕ್ಕೊಂದು ಚಿಕ್ಕ ಆಸ್ಪಿರಿನ್ ಗುಳಿಗೆ ಕೊಡುವ ಪದ್ಧತಿಯಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ 75 ಮಿಲಿಗ್ರಾಂ. ಅಂಗಡಿಯಿಂದ ತಾವಾಗಿಯೇ ತಂದು ನುಂಗುವಂಥದಲ್ಲ, ವೈದ್ಯರು ಬರೆದುಕೊಟ್ಟರೆ ಮಾತ್ರ.