ಬೆಕ್ಕಿನ ಚಿಗಟ

ಬೆಕ್ಕು, ನಾಯಿ, ಆಡು ಮೊದಲಾದ ಪ್ರಾಣಿಗಳ ರಕ್ತ ಹೀರಿ ಬದುಕುವ, ರೆಕ್ಕೆಯಿಲ್ಲದ ಸಣ್ಣ ಕೀಟ. ಸೈಫೊನಾಪ್ಟೆರ ಗಣಕ್ಕೆ ಸೇರಿದೆ. ಶಾಸ್ತ್ರೀಯ ನಾಮ ಟೆನೋಸೆಫಾಲಿಡಿಸ್ ಫೆಲಿಸ್. ಇದರ ಹತ್ತಿರದ ಸಂಬಂಧಿ ಟೆನೋಸೆಫಾಲಿಡಿಸ್ ಓರಿಯೆಂಟಿಸ್ ಭಾರತದಲ್ಲಿ ನಾಯಿ, ಆಡು, ಕುರಿಗಳ ಮೈಮೇಲೂ ಕಾಣಸಿಗುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಮಲಪ್ರಭಾ ಹೊಳೆಯ ಆಸುಪಾಸಿನ ಬೈಲಹೊಂಗಲ, ಸವದತ್ತಿ, ರಾಮದುರ್ಗ ಮತ್ತು ಮೊದಲು ಬೈಲಹೊಂಗಲ ತಾಲೂಕಿನಲ್ಲಿದ್ದ ಕಿತ್ತೂರು ಜೋಳ, ಗೋದಿ, ಕಡಲೆ, ಹತ್ತಿ ಬೆಳೆಯುವ ಸೀಮೆ. ಕಾಳಿನ ಚೀಲವಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಹೀಗೆ ಇಲ್ಲಿನ ಒಕ್ಕಲುಮನೆಗಳಲ್ಲಿ ಬೆಕ್ಕು ಹಳೆಯ ವಾಸಿ. ಚಿಗಟ ಅದರ ಬೆನ್ನೇರಿ ಬರುವ ಅತಿಥಿ.

ಲಕ್ಷಣ

ಬೆಳೆದ ಚಿಗಟ 1ರಿಂದ 3 ಮಿಲಿಮೀಟರ್ ಉದ್ದ, ಬಣ್ಣ ಕೆಂಪುಗಂದು. ಎರಡೂ ಪಕ್ಕದಿಂದ ಅಮುಕಿದಂತಿರುವ ಮೈ ಒತ್ತುಗೂದಲಿನ ನಡುವೆ ಸಲೀಸಾಗಿ ನುಸುಳುತ್ತದೆ. ಮೈಮೇಲಿನ ಬಿರುಗೂದಲು ಹಿಂದಕ್ಕೆ ಬಾಗಿರುವುದರಿಂದ ಬೆಕ್ಕು ಎಷ್ಟು ಕೆರೆದುಕೊಂಡರೂ ಅದು ಉದುರುವುದು ಕಷ್ಟ. ಹಿಂಗಾಲುಗಳ ಬುಡದ ಮೇಲೆ ರೆಸಿಲಿನ್ ಎಂಬ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಪ್ರೋಟೀನು ಇದೆ. ಅದರಲ್ಲಿ ಅದುಮಿಟ್ಟ ಶಕ್ತಿಯನ್ನು ಒಮ್ಮೆಲೇ ಬಿಟ್ಟು ಚಿಗಟ ಸುಮಾರು 20 ಸೆಂಟಿಮೀಟರ್ ದೂರ ಜಿಗಿಯಬಲ್ಲದು. ಉಣ್ಣೆ, ಹೇನುಗಳಿಂದ ಇದನ್ನು ಬೇರೆಯಾಗಿ ಗುರುತಿಸಬಹುದು. ಬೆಳೆದ ಉಣ್ಣೆಗೆ ಎಂಟು ಕಾಲು, ಅದು ಚರ್ಮಕ್ಕೆ ಕಚ್ಚಿಕೊಂಡು ಕೂರುತ್ತದೆ. ಹೇನು ನಿಧಾನವಾಗಿ ತೆವಳುತ್ತದೆ. ಕಂಡ ಕೂಡಲೇ ಕಾಣೆಯಾಗುವುದು ಚಿಗಟ.

ಜೀವನಚಕ್ರ

ಹೆಣ್ಣು ಚಿಗಟ ಮೊದಲ ಸಲ ರಕ್ತ ಹೀರಿದ ಒಂದೆರಡು ದಿನಗಳಲ್ಲಿ ಮೊಟ್ಟೆ ಇಡಲಾರಂಭಿಸುತ್ತದೆ. ಉತ್ತುಂಗದಲ್ಲಿ ದಿನಕ್ಕೆ 40–50 ಮೊಟ್ಟೆ. ಮೊಟ್ಟೆಗೆ ಅಂಟು ಇಲ್ಲ. ಬೆಕ್ಕು ಮಲಗಿದಲ್ಲಿ, ಜಿಗಿದಲ್ಲಿ ಅದು ಬಿಳಿ ರವೆಯಂತೆ ಉದುರುತ್ತದೆ. ಮೊಟ್ಟೆಯೊಡೆದ ಮರಿಹುಳ ರಕ್ತ ಹೀರುವುದಿಲ್ಲ. ದೊಡ್ಡ ಚಿಗಟಗಳ ಹಿಕ್ಕೆಯಲ್ಲಿ ಒಣಗಿ ಬಿದ್ದ ರಕ್ತವೇ ಅದರ ಮುಖ್ಯ ಊಟ. ಬೆಳಕು ಕಂಡರೆ ಸರಿದು ಕೆಳಕ್ಕೆ, ಸಂದಿಗೆ ಇಳಿಯುತ್ತದೆ. ಒಂದೆರಡು ವಾರ ಕಳೆದು ರೇಷ್ಮೆ ಗೂಡು ಹೆಣೆಯುತ್ತದೆ. ಧೂಳು ಮೆತ್ತಿದ ಆ ಗೂಡು ನೆಲದ ಕಸದಿಂದ ಬೇರೆಯಾಗಿ ಕಾಣುವುದಿಲ್ಲ. ಗೂಡಿನೊಳಗೆ ಅದು ಕೆಲವು ದಿನವೂ ಇರಬಹುದು, ಕೆಲವು ತಿಂಗಳೂ ಕಾಯಬಹುದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದಾಗ ಹೊರಬೀಳುತ್ತದೆ. ಬಹಳ ದಿನ ಬೀಗ ಹಾಕಿದ್ದ ಮನೆಯ ಬಾಗಿಲು ತೆಗೆದವರ ಕಾಲಿಗೆ ಚಿಗಟ ಮುತ್ತುವುದು ಈ ಕಾರಣಕ್ಕೆ.

ಹೀಗಾಗಿ ಯಾವುದೇ ಹೊತ್ತಿನಲ್ಲಿ ಚಿಗಟದ ಸಂತತಿಯ ಅತಿ ದೊಡ್ಡ ಪಾಲು ಇರುವುದು ಬೆಕ್ಕಿನ ಮೈಮೇಲಲ್ಲ, ಮನೆಯ ನೆಲ ಮತ್ತು ಹಾಸಿಗೆಯಲ್ಲಿ.

ಮಲಪ್ರಭಾ ಸೀಮೆಯಲ್ಲಿ

ಗಾಳಿಯ ತೇವಾಂಶ ಶೇ. 50ಕ್ಕಿಂತ ಇಳಿದರೆ, ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮರಿಹುಳಗಳು ಸಾಯುತ್ತವೆ. ಸವದತ್ತಿ, ರಾಮದುರ್ಗದ ಬಯಲಿನಲ್ಲಿ ಏಪ್ರಿಲ್‌–ಮೇ ಬಿಸಿಲು ಬಯಲಂಗಳದ ಮರಿಹುಳಗಳಿಗೆ ಮಾರಕ. ಆದರೆ ಮಣ್ಣಿನ ಮಾಳಿಗೆ ಮನೆಯ ಒಳಗು ಬೇಸಿಗೆಯಲ್ಲೂ ತಂಪು. ಕಾಳಿನ ಚೀಲದ ಅಡಿ, ದನ ಕಟ್ಟುವ ಗೋದಲಿಯ ಮೂಲೆ, ಮಡಿಚಿಟ್ಟ ಕೌದಿಯ ಪದರ ಅವುಗಳಿಗೆ ಆಸರೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಂಖ್ಯೆ ಏರುತ್ತದೆ. ಮಲೆನಾಡಿನ ಅಂಚಿಗೆ ಹತ್ತಿರವಿರುವ ಕಿತ್ತೂರಿನ ಕಡೆ ತೇವ ಹೆಚ್ಚು ದಿನ ನಿಲ್ಲುವುದರಿಂದ ಕಾಟವೂ ಅಷ್ಟು ದಿನ ನಿಲ್ಲಬಹುದು.

ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿಟ್ಟು ಹೊಲಿದ ಕೌದಿ ಬೆಕ್ಕಿಗೆ ಬಲು ಇಷ್ಟದ ಜಾಗ. ಒತ್ತಾದ ಹೊಲಿಗೆಯ ಸಾಲುಗಳ ನಡುವಿನ ತಗ್ಗು ಮೊಟ್ಟೆಗೂ ಮರಿಹುಳಕ್ಕೂ ಒಳ್ಳೆಯ ಅಡಗುತಾಣ.

ಪತ್ತೆ

ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಬೆಕ್ಕನ್ನು ನಿಲ್ಲಿಸಿ ಬಾಲದ ಬುಡ, ಕೊರಳು, ಹೊಟ್ಟೆಯನ್ನು ಹೇನು ಬಾಚಣಿಕೆಯಿಂದ ಬಾಚಬೇಕು. ಉದುರಿದ ಕರಿ ಕಣ ಬರೀ ಮಣ್ಣಾದರೆ ಕರಿಯಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಒಂದು ನಿಮಿಷದಲ್ಲಿ ಸುತ್ತ ಇಟ್ಟಿಗೆ ಕೆಂಪು ಬಣ್ಣ ಹರಡುತ್ತದೆ. ಅದು ಬೆಕ್ಕಿನದೇ ರಕ್ತ. ಬಾಚಣಿಕೆಗೆ ಸಿಕ್ಕ ಚಿಗಟವನ್ನು ಸೋಪಿನ ನೀರಿನಲ್ಲಿ ಅದ್ದಿದರೆ ಮುಳುಗಿ ಸಾಯುತ್ತದೆ. ಬರೀ ನೀರಿನಲ್ಲಿ ತೇಲಿ ಪಾರಾಗುವುದುಂಟು.

ಬೆಕ್ಕಿನ ಜಳಕ

ಆರೋಗ್ಯವಾಗಿರುವ ಬೆಕ್ಕಿಗೆ ಜಳಕ ಬೇಕಿಲ್ಲ. ಮುಳ್ಳುಮುಳ್ಳಾದ ನಾಲಗೆಯೇ ಅದರ ಬಾಚಣಿಕೆ. ತೊಯ್ದ ತುಪ್ಪಳ ಭಾರವಾಗುತ್ತದೆ, ಬೇಗ ಒಣಗದು, ಮೈಯ ವಾಸನೆಯೂ ಹೋಗುತ್ತದೆ. ಜಾರುವ ಬಚ್ಚಲಲ್ಲಿ ಉಗುರಿಗೆ ಹಿಡಿತವೂ ಸಿಗುವುದಿಲ್ಲ. ಅದು ಒಲ್ಲೆನ್ನುವುದು ಹಟದಿಂದಲ್ಲ, ಅಂಜಿಕೆಯಿಂದ.

ಚಿಗಟ ಮಿತಿಮೀರಿದಾಗ, ಮೈಗೆ ಎಣ್ಣೆ ಅಥವಾ ಕೆಸರು ಮೆತ್ತಿದಾಗ ತೊಳೆಯಲೇಬೇಕಾಗುತ್ತದೆ. ಹಿಂದಿನ ದಿನವೇ ಉಗುರಿನ ತುದಿ ಕತ್ತರಿಸಬೇಕು. ನಡುಹಗಲಿನ ಹೊತ್ತು ಒಳ್ಳೆಯದು. ಬಚ್ಚಲ ಬಾಗಿಲು ಮುಚ್ಚಿ, ಅಗಲ ಬೋಗುಣಿಯ ತಳಕ್ಕೆ ಹಳೆ ಗೋಣಿತಟ್ಟು ಹಾಸಿದರೆ ಅದು ಉಗುರೂರಿ ನಿಲ್ಲುತ್ತದೆ. ಹಂಡೆಯ ನೀರು ಮೊಣಕೈಗೆ ಬೆಚ್ಚಗೆನಿಸುವಷ್ಟಿದ್ದು, ನಾಲ್ಕು ಬೆರಳಿನಷ್ಟು ಆಳ ಸಾಕು. ಒಬ್ಬರು ಭುಜದ ಹತ್ತಿರ ಮೆತ್ತಗೆ ಹಿಡಿಯಬೇಕು, ಇನ್ನೊಬ್ಬರು ತಂಬಿಗೆಯಿಂದ ಸದ್ದಾಗದಂತೆ ನೀರು ಹಾಕಬೇಕು. ನಳದ ಧಾರೆಗೆ ಹಿಡಿಯಬಾರದು.

ಮೊದಲ ನೊರೆ ಕೊರಳ ಸುತ್ತ ಬಳೆಯಂತೆ ಬೀಳಬೇಕು. ಮೈ ತೊಯ್ದೊಡನೆ ಚಿಗಟಗಳು ಒಣಗಿದ ಜಾಗ ಹುಡುಕಿ ಕಿವಿ, ಕಣ್ಣಿನತ್ತ ಓಡುತ್ತವೆ. ನೊರೆಯ ಈ ಬೇಲಿ ಅವನ್ನು ತಡೆಯುತ್ತದೆ. ಬೆಕ್ಕಿಗೆಂದೇ ಮಾಡಿದ ಶಾಂಪೂ ಹಚ್ಚಿ ಐದು ನಿಮಿಷ ಬಿಟ್ಟು, ನೊರೆ ಪೂರ್ತಿ ಹೋಗುವ ತನಕ ತೊಳೆಯಬೇಕು. ಮುಖಕ್ಕೆ ನೀರು ಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಳಿಕ ದಪ್ಪ ಟವೆಲ್ಲಿನಲ್ಲಿ ಸುತ್ತಿ ಒಣಗಿಸಿ, ಮತ್ತೆ ಬಾಚಬೇಕು. ಬಾಯಿ ತೆರೆದು ಏದುಸಿರು ಬಿಟ್ಟರೆ ಜಳಕ ಅಲ್ಲಿಗೇ ನಿಲ್ಲಿಸಬೇಕು. ಎಂಟು ವಾರ ತುಂಬದ ಮರಿಗೆ ಶಾಂಪೂ ಬೇಡ, ಬಾಚಣಿಕೆಯೇ ಸಾಕು.

ಮದ್ದು ಮತ್ತು ವಿಷ

ಜಳಕ ಆ ದಿನದ ಚಿಗಟಗಳನ್ನು ಕಳೆಯುತ್ತದೆಯೇ ಹೊರತು ಮರುದಿನ ಹತ್ತುವವನ್ನು ತಡೆಯದು. ಅದಕ್ಕೆ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್, ಸೆಲಮೆಕ್ಟಿನ್‌ನಂಥ ಹನಿ ಮದ್ದುಗಳಿವೆ. ಬೆಕ್ಕಿನ ತೂಕಕ್ಕೆ ತಕ್ಕಷ್ಟನ್ನು, ನಾಲಗೆಗೆ ಎಟುಕದ ಹೆಡಕಿನ ಚರ್ಮದ ಮೇಲೆ ಹಾಕುತ್ತಾರೆ. ಜಳಕಕ್ಕೂ ಹನಿ ಮದ್ದಿಗೂ ಎರಡು ದಿನ ಅಂತರವಿರಬೇಕು.

ಒಕ್ಕಲುಮನೆಯಲ್ಲಿ ಕೈಗೆ ಮೊದಲು ಸಿಗುವುದು ದನದ ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಅಥವಾ ಅಮಿಟ್ರಾಜ್ ದ್ರಾವಣ. ಎಮ್ಮೆಗೆ ಒಗ್ಗಿದ್ದು ಬೆಕ್ಕಿಗೆ ಒಗ್ಗುವುದಿಲ್ಲ. ಕೆಲವು ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಗ್ಲುಕುರೊನಿಡೇಶನ್ ಕ್ರಿಯೆ ಬೆಕ್ಕಿನ ಯಕೃತ್ತಿನಲ್ಲಿ ದುರ್ಬಲ. ನಾಯಿಯ ಚಿಗಟದ ಕೆಲವು ಮದ್ದುಗಳಲ್ಲಿರುವ ಪರ್ಮೆಥ್ರಿನ್ ಕೂಡ ಬೆಕ್ಕಿಗೆ ನಡುಕ, ಸೆಳೆತ, ಸಾವು ತರಬಹುದು. ನೆಲ ಒರೆಸುವ ಫಿನೈಲು, ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು ಇವೂ ಅಪಾಯ; ಮೈಗೆ ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆ ಸೇರುತ್ತದೆ. ಬೇವಿನೆಣ್ಣೆಯಿಂದಲೂ ಬೆಕ್ಕುಗಳಲ್ಲಿ ಜೊಲ್ಲು, ನಡುಕ ಕಂಡುಬಂದದ್ದುಂಟು.

ರೋಗಗಳು

ಬಹಳ ಚಿಗಟ ಹತ್ತಿದ ಮರಿಯ ಒಸಡು ಬಿಳಚಿಕೊಳ್ಳುತ್ತದೆ, ರಕ್ತಹೀನತೆಯಿಂದ ಸಾಯಲೂಬಹುದು. ಕೆಲವು ಬೆಕ್ಕುಗಳಿಗೆ ಚಿಗಟದ ಜೊಲ್ಲಿನ ಅಲರ್ಜಿಯಿಂದ ಬೆನ್ನಿನ ಕೂದಲು ಉದುರುತ್ತದೆ. ಚಿಗಟವನ್ನು ನುಂಗಿದಾಗ ಡೈಪಿಲಿಡಿಯಮ್ ಲಾಡಿಹುಳ ಒಳಸೇರುತ್ತದೆ. ಸೌತೆಬೀಜದಂಥ ತುಣುಕುಗಳು ಗುದದ ಬಳಿ ಕಾಣುತ್ತವೆ. ಬೆಕ್ಕು ಪರಚಿದಾಗ ಮನುಷ್ಯರಿಗೆ ಬರುವ ಜ್ವರಕ್ಕೆ ಕಾರಣವಾದ ಬಾರ್ಟೊನೆಲ್ಲಾ ಹೆನ್ಸೆಲೆ ಸೂಕ್ಷ್ಮಾಣು ಬೆಕ್ಕಿನಿಂದ ಬೆಕ್ಕಿಗೆ ದಾಟುವುದು ಚಿಗಟದ ಮೂಲಕ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮರುವರ್ಷಗಳಲ್ಲಿ ಬೆಳಗಾವಿ, ಧಾರವಾಡ ಸೀಮೆಗೂ ಬಂತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲಿಯಿಂದ ಇಲಿಗೆ ಪ್ಲೇಗನ್ನು ಹರಡುವುದು ಚಿಗಟ ಎಂಬುದನ್ನು 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೋಂ ತೋರಿಸಿದ. ಪ್ಲೇಗು ಹರಡುವುದರಲ್ಲಿ ಮುಖ್ಯವಾದದ್ದು ಇಲಿಯ ಚಿಗಟ, ಬೆಕ್ಕಿನದಲ್ಲ.

ಮನೆಯ ಶುಚಿ

ಬೆಕ್ಕು ಮಲಗುವ ಕೌದಿ, ಗೋಣಿತಟ್ಟುಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಬೇಕು. ಚೀಲಗಳನ್ನು ಸರಿಸಿ ಮೂಲೆಯ ಕಸ ಗುಡಿಸಿ ಮನೆಯಿಂದ ದೂರ ಸುಡಬೇಕು. ಮನೆಯ ಎಲ್ಲ ಬೆಕ್ಕು, ನಾಯಿಗಳಿಗೆ ಒಂದೇ ಸಮಯಕ್ಕೆ ಮದ್ದು ಹಾಕಬೇಕು. ಗೂಡಿನಲ್ಲಿ ಉಳಿದ ಚಿಗಟಗಳು ಆಮೇಲೆ ಹೊರಬರುವುದರಿಂದ ಇದನ್ನು ಎರಡು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ.

ಮಹಾನವಮಿಗೆ ಮುಂಚೆ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳ ಹೊಳೆಗೆ ಒಯ್ದು ಒಗೆಯುವುದು, ಗೋಡೆಗೆ ಸುಣ್ಣ ಬಳಿಯುವುದು ಉತ್ತರ ಕರ್ನಾಟಕದ ರೂಢಿ. ಮಳೆಗಾಲ ಮುಗಿಯುವ, ಚಿಗಟ ತುಂಬಿರುವ ಹೊತ್ತಿಗೇ ಅದು ಬರುತ್ತದೆ. ಹಬ್ಬದ ಆ ಒಂದು ದಿನದ ಒಗೆತವನ್ನು ದೀಪಾವಳಿಯವರೆಗೆ ವಾರವಾರವೂ ನಡೆಸಿದರೆ, ಬೆಕ್ಕನ್ನು ಬಚ್ಚಲಿಗೆ ಎಳೆದೊಯ್ಯುವ ಪ್ರಸಂಗವೇ ಅಪರೂಪವಾಗುತ್ತದೆ.